ರಹೀಮ್ ಮೇಷ್ಟ್ರು ಮತ್ತು ‘ಕಾಂಟ್ರ್ಯಾಕ್ಟ್’ ಎಂಬ ಪದದ ಎರಡು ಅರ್ಥ

2023ರ ಅಕ್ಟೋಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ರಾಷ್ಟ್ರೀಯ ತಂಡದ ಕೋಚ್ ಇಗೊರ್ ಸ್ಟಿಮಾಕ್ ಅವರ ಕಾಂಟ್ರ್ಯಾಕ್ಟನ್ನು 2026ರವರೆಗೆ ವಿಸ್ತರಿಸಿತು. ಎಂಟು ತಿಂಗಳು ಕಳೆಯಿತು. ತಂಡ ವಿಶ್ವಕಪ್ ಅರ್ಹತಾ ಪಂದ್ಯಗಳ ಮೂರನೇ ಸುತ್ತಿಗೆ ಹೋಗಲಿಲ್ಲ. 2024ರ ಜೂನ್‌ನಲ್ಲಿ ಅದೇ ಒಕ್ಕೂಟ ಅವರನ್ನು ಕೆಲಸದಿಂದ ತೆಗೆಯಿತು. ಕಾಂಟ್ರ್ಯಾಕ್ಟ್ ಇನ್ನೂ ಎರಡು ವರ್ಷ ಬಾಕಿ ಇತ್ತಲ್ಲ, ಅವರೂ ಸುಮ್ಮನೆ ಹೋಗಲಿಲ್ಲ. ಕೊನೆಗೆ 4 ಲಕ್ಷ ಡಾಲರ್, ಅಂದರೆ ಮೂರು ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ವ್ಯಾಜ್ಯ ಮುಗಿಸಬೇಕಾಯಿತು.

ನಮಗೆ ಇದು ದೊಡ್ಡ ಮೊತ್ತ. ಅಮೆರಿಕದ ಕಾಲೇಜು ಫುಟ್‌ಬಾಲ್‌ನವರಿಗೆ ಇದು ಚಿಲ್ಲರೆ. (ಅವರ ಫುಟ್‌ಬಾಲ್ ಬೇರೆ, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ.) ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2021ರಲ್ಲಿ ತನ್ನ ಕೋಚ್ ಜಿಂಬೊ ಫಿಷರ್ ಅವರ ಕಾಂಟ್ರ್ಯಾಕ್ಟನ್ನು 2031ರವರೆಗೆ ಎಳೆಯಿತು. 2023ರ ನವೆಂಬರ್‌ನಲ್ಲಿ ಅವರನ್ನು ಬೇಡ ಅಂದಿತು. ಬೇಡ ಅಂದಿದ್ದಕ್ಕೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರ್‌ಗೂ ಹೆಚ್ಚು. ಅದು ಸರ್ಕಾರಿ ವಿಶ್ವವಿದ್ಯಾಲಯ ಅನ್ನೋದು ನೆನಪಿರಲಿ. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಗವರ್ನರ್ ಅಲ್ಲ, ಕಾಲೇಜು ತಂಡದ ಕೋಚ್.

ಈಗ ಇದೇ ಪದವನ್ನು ಬೆಂಗಳೂರಿನ ಹೊರವಲಯಕ್ಕೆ ತಂದು ನೋಡಿ. ಪೀಣ್ಯದ ಶೆಡ್‌ಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಹೌಸ್‌ಕೀಪಿಂಗ್‌ನಲ್ಲಿ, ವೈಟ್‌ಫೀಲ್ಡಿನ ಟೆಕ್ ಪಾರ್ಕ್ ಗೇಟುಗಳಲ್ಲಿ ‘ಕಾಂಟ್ರ್ಯಾಕ್ಟ್’ ಅಂದರೆ ನಾಳೆ ಕೆಲಸ ಇರುತ್ತೋ ಇಲ್ವೋ ಅಂತ. ಒಂದೇ ಪದ. ಕೋಚ್‌ನ ಕೈಯಲ್ಲಿ ಅದು ಕೆಲಸ ಹೋದ ಮೇಲೂ ದುಡ್ಡು ಬರುವ ಭರವಸೆ. ಗುತ್ತಿಗೆ ಕಾರ್ಮಿಕರ ಕೈಯಲ್ಲಿ ಅದು ಹತ್ತು ವರ್ಷ ದುಡಿದ ಮೇಲೂ ಕೆಲಸ ನಿಮ್ಮದಲ್ಲ ಎನ್ನುವ ಚೀಟಿ.

ಭಾರತ ಕಂಡ ಅತ್ಯಂತ ದೊಡ್ಡ ಫುಟ್‌ಬಾಲ್ ಕೋಚ್ ಈ ಎರಡೂ ಅರ್ಥಗಳಿಗೆ ಹೊರಗೆ ಬದುಕಿದವರು. ಸೈಯದ್ ಅಬ್ದುಲ್ ರಹೀಮ್. ‘ಮೈದಾನ್’ ಸಿನಿಮಾ ನೋಡಿದವರಿಗೆ ಅಜಯ್ ದೇವಗನ್ ಮುಖ ನೆನಪಾಗಬಹುದು. ಸಿನಿಮಾ ಪಕ್ಕಕ್ಕಿಡೋಣ. ಆ ಮನುಷ್ಯ ಏನು ಕಟ್ಟಿದರು, ಅದನ್ನು ಕಟ್ಟಲು ಅವರ ಕಾಲದಲ್ಲಿ ಏನಿತ್ತು ಎನ್ನುವುದು ಇವತ್ತು ಹೆಚ್ಚು ಮುಖ್ಯ.

ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ನಿಜಾಮರ ಹೈದರಾಬಾದಿನಲ್ಲಿ. ಆಗ ಕಲಬುರಗಿ, ರಾಯಚೂರು, ಬೀದರ್ ಎಲ್ಲವೂ ಅದೇ ಸಂಸ್ಥಾನದವು. ಹಾಗಾಗಿ ನಮ್ಮ ಈಗಿನ ಕಲ್ಯಾಣ ಕರ್ನಾಟಕದ ಮಟ್ಟಿಗೆ ಅವರು ಪಕ್ಕದ ರಾಜ್ಯದವರಲ್ಲ, ಅದೇ ನೆಲದವರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲಿನ ತಂಡಕ್ಕೆ ಆಡಿದರು. ಆಮೇಲೆ ಕಮರ್ ಕ್ಲಬ್‌ಗೆ ಆಡಿದರು. ಆಟಗಾರರಾಗಿ ಊರಿನಲ್ಲಿ ಹೆಸರು ಮಾಡಿದವರೇ, ಆದರೆ ದೇಶ ನೆನಪಿಟ್ಟುಕೊಳ್ಳುವಂಥ ಆಟಗಾರರೇನಲ್ಲ.

ಹೊಟ್ಟೆಪಾಡಿಗೆ ಹಿಡಿದದ್ದು ಮೇಷ್ಟ್ರು ಕೆಲಸ. ಕಾಚಿಗುಡದ ಮಿಡ್ಲ್ ಸ್ಕೂಲಿನಿಂದ ಶುರುವಾಗಿ ನಾಲ್ಕು ಶಾಲೆಗಳಲ್ಲಿ ಪಾಠ ಹೇಳಿದರು. ನಡುವೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿಕೊಂಡರು. ದಾರುಲ್ ಉಲೂಮ್ ಮತ್ತು ಚಾದರ್‌ಘಾಟ್ ಹೈಸ್ಕೂಲುಗಳಲ್ಲಿ ಆಟೋಟಗಳ ಹೊಣೆ ಅವರದೇ. ನಮ್ಮ ಕಡೆ ಮಕ್ಕಳು ಪಿ.ಟಿ. ಮೇಷ್ಟ್ರು ಅಂತಾರಲ್ಲ, ಅದೇ. ಭಾರತದ ಫುಟ್‌ಬಾಲ್‌ನ ಅತ್ಯುತ್ತಮ ತಲೆ ತಯಾರಾದದ್ದು ಯಾವ ಅಕಾಡೆಮಿಯಲ್ಲೂ ಅಲ್ಲ, ಸಾಲಾಗಿ ನಿಂತ ಹುಡುಗರ ಮುಂದೆ.

ಈ ಮೇಷ್ಟ್ರುತನ ಅವರನ್ನು ಕೊನೆವರೆಗೂ ಬಿಡಲಿಲ್ಲ. 1940ರ ದಶಕದ ಆರಂಭದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು, ಸಾಯುವವರೆಗೂ ಆ ಜಾಗದಲ್ಲಿದ್ದರು. ಕಾರ್ಯದರ್ಶಿ ಅಂದ ತಕ್ಷಣ ನಮಗೆ ಇವತ್ತು ನೆನಪಾಗುವುದು ಟಿಕೆಟ್ ಪಾಸು, ಪ್ರವಾಸ ಭತ್ಯೆ, ಗುಂಪುಗಾರಿಕೆ. ರಹೀಮ್ ಆ ಕುರ್ಚಿಯಲ್ಲಿ ಕೂತು ಮಾಡಿದ್ದು ವಿಚಿತ್ರವಾದ ಟೂರ್ನಿಗಳನ್ನು. ಒಂದರಲ್ಲಿ ಡ್ರಿಬ್ಲಿಂಗ್ ನಿಷೇಧ: ಚೆಂಡು ಕಾಲಿಗೆ ಬಂದರೆ ಒಬ್ಬರನ್ನು ಯಾಮಾರಿಸಿ ಓಡುವಂತಿಲ್ಲ, ತಕ್ಷಣ ಜೊತೆಗಾರನಿಗೆ ಕೊಡಬೇಕು. ಇನ್ನೊಂದರಲ್ಲಿ ರೂಢಿಯಿಲ್ಲದ ಕಾಲಿನಲ್ಲೇ ಆಡಬೇಕು: ಬಲಗಾಲಿನ ಹುಡುಗ ಎಡಗಾಲಿನಲ್ಲಿ, ಎಡಗಾಲಿನವನು ಬಲಗಾಲಿನಲ್ಲಿ.

ಕೇಳಲು ತಮಾಷೆ ಅನ್ನಿಸುತ್ತೆ. ಆದರೆ ಆಗಿನ ಭಾರತದ ಫುಟ್‌ಬಾಲ್ ಹೇಗಿತ್ತು ಅಂತ ಗೊತ್ತಿದ್ದರೆ ಇದು ಎಂಥ ಬಂಡಾಯ ಅನ್ನೋದು ಅರ್ಥವಾಗುತ್ತೆ. ಬರಿಗಾಲಿನ ಆಟ, ಒಬ್ಬೊಬ್ಬರ ಕಸರತ್ತಿಗೆ ಬೀಳುವ ಚಪ್ಪಾಳೆ. ನಾಲ್ಕು ಜನರನ್ನು ದಾಟಿಸಿ ಐದನೆಯವನ ಹತ್ತಿರ ಚೆಂಡು ಕಳೆದುಕೊಂಡವನೂ ಹೀರೊ. ರಹೀಮ್ ಇದಕ್ಕೆ ಭಾಷಣ ಮಾಡಲಿಲ್ಲ, ನಿಯಮವನ್ನೇ ಬದಲಾಯಿಸಿ ಹುಡುಗರನ್ನು ಆಡಲು ಬಿಟ್ಟರು. ಕೊಡು, ಜಾಗ ಬದಲಿಸು, ಮತ್ತೆ ತಗೊ. ಇದು ಒಂದು ಸೀಸನ್ನಿನಲ್ಲಿ ಫಲ ಕೊಡುವ ಕೆಲಸವಲ್ಲ. ಹನ್ನೆರಡು ವರ್ಷದ ಹುಡುಗನ ಎಡಗಾಲು ಪಳಗಿ ರಾಷ್ಟ್ರೀಯ ತಂಡದಲ್ಲಿ ಗೋಲು ಹೊಡೆಯಲು ಹತ್ತು ವರ್ಷ ಬೇಕು. ಎರಡು ವರ್ಷದ ಕಾಂಟ್ರ್ಯಾಕ್ಟಿನ ಯಾವ ಕೋಚ್ ಆ ಎಡಗಾಲಿನ ಮೇಲೆ ಸಮಯ ಹಾಕ್ತಾನೆ? ಹಾಕಿದರೆ ಫಲ ಉಣ್ಣುವವನು ಬೇರೆ ಯಾರೋ.

1950ರಿಂದ ರಹೀಮ್ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್. ಈ ತಂಡದ ಹುಡುಗರು ಹೆಸರಿಗಷ್ಟೇ ಪೊಲೀಸರಲ್ಲ, ಇಲಾಖೆಯ ನೌಕರಿಯಲ್ಲಿದ್ದವರು. ಬಡ ಮನೆಗಳ ಹುಡುಗರಿಗೆ ಚೆಂಡು ಸಂಬಳದ ಕೆಲಸ ಕೊಡಿಸಿತ್ತು. ತಿಂಗಳ ಕೊನೆಗೆ ಸಂಬಳ ಬರುತ್ತೆ ಅನ್ನುವ ಧೈರ್ಯ ಇದ್ದಿದ್ದರಿಂದ ತಂಡ ವರ್ಷಾನುವರ್ಷ ಚದುರದೆ ಉಳಿಯಿತು. ಫಲಿತಾಂಶ ನೋಡಿ: 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈನ ರೋವರ್ಸ್ ಕಪ್. ಡ್ಯುರಾಂಡ್ ಕಪ್ ಬೇರೆ. ಕಲ್ಕತ್ತದ ಮೂರು ದೊಡ್ಡ ಕ್ಲಬ್‌ಗಳ ಸೊಕ್ಕು ಮುರಿದದ್ದು ಪೊಲೀಸ್ ಕಾನ್‌ಸ್ಟೇಬಲ್‌ಗಳು.

ಆ ಐದು ರೋವರ್ಸ್ ಕಪ್‌ಗಳಲ್ಲಿ ಮೊದಲನೆಯದರ ಫೈನಲ್‌ನಲ್ಲಿ ಸಿಟಿ ಪೊಲೀಸ್ ಸೋಲಿಸಿದ್ದು ಬೆಂಗಳೂರಿನ ಆರ್ಯನ್ ಜಿಮ್ಖಾನಾ ತಂಡವನ್ನು. ನಮ್ಮೂರು ಆಗ ಕಡಿಮೆಯೇನಿರಲಿಲ್ಲ. 1937ರಲ್ಲಿ ಬ್ರಿಟಿಷ್ ಸೈನ್ಯದ ತಂಡಗಳ ಸ್ವತ್ತಾಗಿದ್ದ ರೋವರ್ಸ್ ಕಪ್ಪನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ನಾಗರಿಕರ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಮೈಸೂರು ತಂಡದವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಬೆಂಗಳೂರಿನ ಹುಡುಗ; ಮುಂದೆ ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರಲ್ಲಿ ಒಬ್ಬರಾದರು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಗಲ್ಲಿಗಳಿಂದ ಆಟಗಾರರು ಬರುತ್ತಲೇ ಇದ್ದರು. ರಹೀಮ್ ಭಾರತ ತಂಡ ಕಟ್ಟುವಾಗ ಇಲ್ಲಿಂದಲೂ ಇಟ್ಟಿಗೆ ತಗೊಂಡರು.

ರಾಷ್ಟ್ರೀಯ ತಂಡದ ಹೊಣೆ ಅವರಿಗೆ ಬಂದದ್ದು 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ. ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೈನ್ಯ ಹೈದರಾಬಾದಿಗೆ ಹೋಗಿತ್ತು. ಅದಾಗಿ ಮೂರು ವರ್ಷವೂ ಆಗಿರಲಿಲ್ಲ. ಆ ಊರಿನ ಮುಸ್ಲಿಮರ ಮೇಲೆ ಅನುಮಾನದ ನೆರಳಿದ್ದ ಕಾಲದಲ್ಲಿ ಅದೇ ಊರಿನ ಉರ್ದು ಮಾತಾಡುವ ಶಾಲಾ ಮೇಷ್ಟ್ರೊಬ್ಬರ ಕೈಗೆ ಹೊಸ ದೇಶ ತನ್ನ ತಂಡವನ್ನು ಕೊಟ್ಟಿತು. ಫೈನಲ್‌ನಲ್ಲಿ ಮೇವಾಲಾಲ್ ಗೋಲಿನಿಂದ ಇರಾನ್ ವಿರುದ್ಧ 1-0 ಗೆಲುವು, ಚಿನ್ನ. ಇವತ್ತು ಕ್ರಿಕೆಟ್ ಸೋತಾಗ ಒಬ್ಬ ಬೌಲರ್‌ನ ಧರ್ಮ ಹುಡುಕುವ ನಾವು ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್. ಯುಗೊಸ್ಲಾವಿಯ ವಿರುದ್ಧ 1-10. ಹೌದು, ಹತ್ತು. ಹಲವರು ಬರಿಗಾಲಿನಲ್ಲೇ ಆಡಿದ್ದರು. ಭಾರತದ ಆ ಒಂದೇ ಒಂದು ಗೋಲು ಹೊಡೆದವರು ನಮ್ಮ ಅಹ್ಮದ್ ಖಾನ್. ಇವತ್ತಿನ ಕೋಚ್ ಆಗಿದ್ದರೆ ವಿಮಾನ ಇಳಿಯುವ ಮೊದಲೇ ಟ್ವಿಟರ್‌ನಲ್ಲಿ ವಜಾ ಆಗಿರುತ್ತಿದ್ದರು. ಆ ಸೋಲಿನಿಂದ ಒಕ್ಕೂಟ ಬೂಟು ಕಡ್ಡಾಯ ಮಾಡಿತು. ರಹೀಮ್ ತಮ್ಮ ಪಾಡಿಗೆ ಸಿಟಿ ಪೊಲೀಸ್ ತಂಡಕ್ಕೆ, ಊರಿನ ಹುಡುಗರ ಟೂರ್ನಿಗಳಿಗೆ ವಾಪಸಾದರು. ಹೋಗಲು ಒಂದು ಜಾಗ ಇತ್ತು ಅನ್ನೋದೇ ದೊಡ್ಡದು. ದೇಶದ ತಂಡ ಸೋತರೆ ಮನೆಯ ಒಲೆ ಆರುತ್ತಿರಲಿಲ್ಲ.

ನಾಲ್ಕು ವರ್ಷ ಕಳೆದು 1956ರ ಮೆಲ್ಬರ್ನ್. ಹಂಗೆರಿ ಹಿಂದೆ ಸರಿದದ್ದರಿಂದ ಭಾರತ ನೇರ ಮುಂದಿನ ಸುತ್ತಿಗೆ ಹೋಯಿತು, ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ದೇಶ ಭಾರತ. ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯ. ಮೊದಲ ಗೋಲು ಹೊಡೆದದ್ದು ಭಾರತ! ಆಮೇಲೆ 1-4ರಲ್ಲಿ ಸೋತರು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ 0-3. ಆದರೆ ಹತ್ತು ಗೋಲು ತಿಂದಿದ್ದ ತಂಡ ನಾಲ್ಕೇ ವರ್ಷದಲ್ಲಿ ಅಲ್ಲಿಗೆ ಬಂದಿತ್ತು. ಆ ತಂಡದ ಮಧ್ಯಭಾಗದಲ್ಲಿ ನಿಂತು ಆಡಿದವರು ಬೆಂಗಳೂರಿನ ಕೆಂಪಯ್ಯ. ಹೆಸರು ಕೇಳಿದರೆ ಮಾಗಡಿ ರಸ್ತೆಯಲ್ಲೋ ನೆಲಮಂಗಲದಲ್ಲೋ ಸಿಗುವವರ ಹೆಸರಿನಂತಿದೆ, ಅಲ್ವಾ? ಎರಡು ಒಲಿಂಪಿಕ್ಸ್ ಆಡಿದ ಆ ಕೆಂಪಯ್ಯ ಯಾರು ಅಂತ ಇವತ್ತು ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ರಹೀಮ್ ಹುಡುಗರನ್ನು ಹುಡುಕುತ್ತಿದ್ದ ರೀತಿಗೆ ಒಂದು ಉದಾಹರಣೆ ತುಳಸೀದಾಸ್ ಬಲರಾಂ. ಸಿಕಂದರಾಬಾದ್ ಕಡೆಯ ಬಡ ಕುಟುಂಬ. ಅಭ್ಯಾಸಕ್ಕೆ ಬಾ ಅಂದರೆ ಅಷ್ಟು ದೂರ ಬರಲು ಕಾಸಿಲ್ಲ ಅಂದ ಹುಡುಗ. ರಹೀಮ್ ಓಡಾಟದ ಖರ್ಚನ್ನು ತಾವೇ ನೋಡಿಕೊಂಡರು ಎಂದು ಬಲರಾಂ ಮುಂದೆ ಹೇಳಿಕೊಂಡಿದ್ದಾರೆ. ಆ ಹುಡುಗ 1960ರ ರೋಮ್‌ನಲ್ಲಿ ಹಂಗೆರಿಗೂ ಪೆರುವಿಗೂ ಗೋಲು ಹೊಡೆದ. ಆ ಒಲಿಂಪಿಕ್ಸ್‌ನಲ್ಲಿ ಭಾರತ ಹಂಗೆರಿಯಂಥ ತಂಡಕ್ಕೆ 1-2ರಲ್ಲಿ ಮಾತ್ರ ಸೋತಿತು, ಫ್ರಾನ್ಸ್ ಜೊತೆ 1-1 ಡ್ರಾ ಮಾಡಿಕೊಂಡಿತು. ತಂಡದಲ್ಲಿ ರಹೀಮ್ ಅವರ ಮಗ ಸೈಯದ್ ಶಾಹಿದ್ ಹಕೀಮ್ ಕೂಡ ಇದ್ದರು. ಅಪ್ಪನೇ ಕೋಚ್. ಮಗನಿಗೆ ಒಂದು ಪಂದ್ಯವನ್ನೂ ಆಡುವ ಅವಕಾಶ ಸಿಗಲಿಲ್ಲ. ನಮ್ಮ ಪಕ್ಷಗಳ ಟಿಕೆಟ್ ಹಂಚಿಕೆ ನೋಡಿ ಬೇಸತ್ತವರು ಈ ಸಾಲನ್ನು ಎರಡು ಸಲ ಓದಬಹುದು.

ಇನ್ನು ಜಕಾರ್ತ, 1962. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ರಹೀಮ್ ಏನು ಅನ್ನೋದು ಇದರಲ್ಲೇ ಇದೆ.

ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ 0-2 ಸೋಲು. ಎರಡನೆಯದರಲ್ಲಿ ಥಾಯ್ಲೆಂಡ್ ವಿರುದ್ಧ 4-1 ಗೆಲುವು, ಆದರೆ ರಕ್ಷಣೆಯ ಗೋಡೆಯಾಗಿದ್ದ ಜರ್ನೈಲ್ ಸಿಂಗ್ ತಲೆ ಒಡೆದುಕೊಂಡರು, ಹೊಲಿಗೆ ಬಿತ್ತು. ಜಪಾನ್ ವಿರುದ್ಧ 2-0. ಈ ನಡುವೆ ಮೈದಾನದ ಹೊರಗೆ ಇನ್ನೊಂದು ಬೆಂಕಿ. ಆತಿಥೇಯ ಇಂಡೊನೇಷ್ಯಾ ಇಸ್ರೇಲ್ ಮತ್ತು ತೈವಾನ್ ತಂಡಗಳಿಗೆ ಬಾಗಿಲು ಮುಚ್ಚಿತ್ತು. ಅದನ್ನು ಬಹಿರಂಗವಾಗಿ ಆಕ್ಷೇಪಿಸಿದವರು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ. ಜನ ರೊಚ್ಚಿಗೆದ್ದರು, ಭಾರತದ ರಾಯಭಾರ ಕಚೇರಿಯ ಮೇಲೆ ದಾಳಿಯಾಯಿತು. ಫುಟ್‌ಬಾಲ್ ಹುಡುಗರು ಹೋಟೆಲಿನಿಂದ ಹೊರಗೆ ಬರುವುದೇ ಕಷ್ಟವಾಯಿತು. ಭಾರತದ ಹೆಸರು ಕೇಳಿದರೆ ಸಾಕು, ಸ್ಟೇಡಿಯಂ ತುಂಬ ಕೂಗು.

ತಲೆಗೆ ಪಟ್ಟಿ ಕಟ್ಟಿಕೊಂಡ ಜರ್ನೈಲ್‌ರನ್ನು ರಕ್ಷಣೆಯಲ್ಲಿ ನಿಲ್ಲಿಸಿದರೆ ಪ್ರತಿ ಎತ್ತರದ ಚೆಂಡಿಗೂ ತಲೆ ಕೊಡಬೇಕು. ಹಾಗಂತ ಹೊರಗೆ ಕೂರಿಸಿದರೆ ಎದುರಾಳಿಗೆ ಅರ್ಧ ಧೈರ್ಯ ಬಂದಂತೆ. ರಹೀಮ್ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿ ಗೋಲು ಹೊಡೆಯಲು ಕಳಿಸಿಬಿಟ್ಟರು! ಹಿಂದೆ ಅರುಣ್ ಘೋಷ್, ಚಂದ್ರಶೇಖರ್ ನೋಡಿಕೊಂಡರು. ದಕ್ಷಿಣ ವಿಯೆಟ್ನಾಂ ವಿರುದ್ಧದ ಸೆಮಿಫೈನಲ್ 3-2. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಅದೇ ದಕ್ಷಿಣ ಕೊರಿಯಾ. ಗೋಲಿನಲ್ಲಿ ಜ್ವರದಿಂದ ಎದ್ದು ಬಂದ ಪೀಟರ್ ತಂಗರಾಜ್. ಮೊದಲ ಇಪ್ಪತ್ತು ನಿಮಿಷದೊಳಗೆ ಎರಡು ಗೋಲು, ಒಂದು ಪಿ.ಕೆ. ಬ್ಯಾನರ್ಜಿಯದು, ಇನ್ನೊಂದು ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್‌ದು. ಕೊನೆಗೆ 2-1. ಇಡೀ ಸ್ಟೇಡಿಯಂ ವಿರುದ್ಧವಿದ್ದ ಆ ದಿನ ಭಾರತಕ್ಕಾಗಿ ಕೂಗಿದ ಕೆಲವೇ ಜನರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರೂ ಇದ್ದರು ಎಂದು ನಮ್ಮ ಆಟಗಾರರು ಆಮೇಲೆ ನೆನೆಸಿಕೊಂಡಿದ್ದಾರೆ. ಚಿನ್ನ ಗೆದ್ದ ಆ ಬಳಗದಲ್ಲಿ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತ ಅದಾದ ಮೇಲೆ ಚಿನ್ನ ಕಂಡಿಲ್ಲ.

ಒಬ್ಬ ಡಿಫೆಂಡರ್ ಎರಡು ದಿನದಲ್ಲಿ ಫಾರ್ವರ್ಡ್ ಆಗಿದ್ದು ಪವಾಡ ಅಲ್ಲ. ಬ್ರೆಜಿಲ್ 1958ರಲ್ಲಿ ಜಗತ್ತಿಗೆ ತೋರಿಸಿದ 4-2-4 ಜೋಡಣೆಯನ್ನು ಭಾರತದಲ್ಲಿ ಮೊದಲು ಹಿಡಿದವರಲ್ಲಿ ರಹೀಮ್ ಒಬ್ಬರು. ಪ್ರತಿ ಆಟಗಾರನಿಗೂ ತನ್ನ ಜಾಗದಷ್ಟೇ ಪಕ್ಕದವನ ಜಾಗವೂ ಗೊತ್ತಿರಬೇಕು ಅಂತ ವರ್ಷಗಟ್ಟಲೆ ಕಲಿಸಿದ್ದರು. ಶಾಲೆಯ ಡ್ರಿಬ್ಲಿಂಗ್ ನಿಷೇಧದ ಟೂರ್ನಿಗೂ ಜಕಾರ್ತಕ್ಕೂ ನೇರ ದಾರಿ ಇದೆ. ಆ ದಾರಿಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಜಕಾರ್ತದಿಂದ ಬಂದ ಮೇಲೆ ಅವರಿಗೆ ವರ್ಷ ತುಂಬಲಿಲ್ಲ. ಶ್ವಾಸಕೋಶದ ಕ್ಯಾನ್ಸರ್. 1963ರ ಜೂನ್ 11ರಂದು ತೀರಿಕೊಂಡರು. ವಯಸ್ಸು 53.

ಅವರ ವ್ಯವಸ್ಥೆ ಸ್ವರ್ಗವಾಗಿತ್ತು ಅಂತ ಯಾರೂ ತಿಳಿಯಬೇಕಿಲ್ಲ. ಕಾನ್‌ಸ್ಟೇಬಲ್ ಸಂಬಳ ದೊಡ್ಡದಲ್ಲ, ಆಡಿ ಮುಗಿದ ಮೇಲೆ ಇಲಾಖೆಯ ಕೆಳಗಿನ ಮೆಟ್ಟಿಲಲ್ಲೇ ಬದುಕು. ಕೋಚಿಂಗ್ ಅನ್ನೋದು ಅಭಿಮಾನದಿಂದ ಮಾಡುವ ಸೇವೆ, ಅದಕ್ಕೆ ಸರಿಯಾದ ಕೂಲಿ ಯಾಕೆ ಅನ್ನುವ ಒಕ್ಕೂಟಗಳ ಧೋರಣೆಗೂ ಆ ಕಾಲವೇ ತಳಪಾಯ. ಸ್ಟಿಮಾಕ್ ತಮ್ಮ ಕಾಂಟ್ರ್ಯಾಕ್ಟಿನ ದುಡ್ಡು ಕೇಳಿದ್ದು ತಪ್ಪು ಅಂತಲೂ ನಾನು ಹೇಳಲ್ಲ. ಬರೆದುಕೊಟ್ಟ ಮೇಲೆ ಕೊಡಬೇಕು. ಸಿಟ್ಟು ಬರಬೇಕಾದ್ದು, ಮೂರು ಕೋಟಿ ಕೊಟ್ಟು ಒಬ್ಬರನ್ನು ಕಳಿಸಲು ತಯಾರಿರುವ ದೇಶ ಸಾವಿರಾರು ಶಾಲೆಗಳಿಗೆ ಒಬ್ಬ ಖಾಯಂ ದೈಹಿಕ ಶಿಕ್ಷಕರನ್ನು ಕೊಡಲು ಕೈ ಹಿಂದೆಗೆಯುವುದಕ್ಕೆ.

ಪೊಲೀಸ್ ತಂಡದ ಆ ಮಾದರಿಯನ್ನು ನಮ್ಮ ಬೆಂಗಳೂರು ಮುಂದಕ್ಕೆ ಒಯ್ದಿತ್ತು. ನಗರದ ಅಂಚಿನಲ್ಲಿ ಸಾರ್ವಜನಿಕ ಉದ್ದಿಮೆಗಳು ಒಂದೊಂದಾಗಿ ಎದ್ದಿದ್ದವು: 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1953ರಲ್ಲಿ ಜಾಲಹಳ್ಳಿ ಕಡೆ ಎಚ್‌ಎಂಟಿ, ಮರುವರ್ಷ ಬಿಇಎಲ್. ಕಾರ್ಖಾನೆಯ ಜೊತೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಆಟದ ಮೈದಾನ. ಗೌತಮಪುರದ ಹುಡುಗ ಚೆನ್ನಾಗಿ ಆಡಿದರೆ ಐಟಿಐನಲ್ಲಿ ಕೆಲಸ. ಅದು ಬರೀ ಆಟ ಅಲ್ಲ, ಒಂದು ದಲಿತ ಅಥವಾ ಮುಸ್ಲಿಂ ಕೇರಿಯ ಮನೆಗೆ ಪಿಎಫ್ ಮತ್ತು ಆಸ್ಪತ್ರೆ ಚೀಟಿ ಬರುವ ದಾರಿ. ಮೈಸೂರು ತಂಡ 1967-68 ಮತ್ತು 1968-69ರಲ್ಲಿ ಸತತ ಎರಡು ಸಲ ಸಂತೋಷ್ ಟ್ರೋಫಿ ಗೆದ್ದದ್ದು ಇಂಥ ಕಾರ್ಖಾನೆ ತಂಡಗಳು ನಗರದ ಲೀಗ್‌ಗೆ ಜೀವ ತುಂಬಿದ್ದ ಕಾಲದಲ್ಲಿ.

1977ರಲ್ಲಿ ದೇಶದ ಮೊದಲ ಫೆಡರೇಷನ್ ಕಪ್ ನಡೆಯಿತು, ಎರ್ನಾಕುಳಂನಲ್ಲಿ. ಫೈನಲ್‌ನಲ್ಲಿ ಮೋಹನ್ ಬಾಗಾನ್. ಅವರ ಕೋಚ್ ಯಾರು ಗೊತ್ತಾ? ಜಕಾರ್ತದಲ್ಲಿ ಗೋಲು ಹೊಡೆದಿದ್ದ, ರಹೀಮ್ ಅವರ ಶಿಷ್ಯ ಪಿ.ಕೆ. ಬ್ಯಾನರ್ಜಿ. ಅವರ ತಂಡವನ್ನು 1-0ರಿಂದ ಸೋಲಿಸಿ ಕಪ್ ತಂದದ್ದು ಬೆಂಗಳೂರಿನ ಐಟಿಐ. ಟೆಲಿಫೋನ್ ಮಾಡುವ ಕಾರ್ಖಾನೆಯ ನೌಕರರು.

ಆಮೇಲಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. ಉದಾರೀಕರಣ ಬಂತು, ಖಾಸಗಿ ಟೆಲಿಕಾಂ ಬಂತು, ಐಟಿಐ ಸೊರಗಿತು. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ತೀರ್ಮಾನಿಸಿತು. ಎಚ್‌ಎಎಲ್ ತಂಡ ಎರಡು ಸೀಸನ್ ಐ-ಲೀಗ್‌ವರೆಗೂ ಹೋಗಿ 2012ರಲ್ಲಿ ಕೆಳಗಿಳಿಯಿತು. ವೃತ್ತಿಪರ ಕ್ಲಬ್‌ಗಳ ಕಾಲದಲ್ಲಿ ಆಫೀಸ್ ತಂಡಗಳಿಗೆ ಜಾಗ ಉಳಿಯಲಿಲ್ಲ. 2013ರಲ್ಲಿ ಜೆಎಸ್‌ಡಬ್ಲ್ಯು ಬೆಂಗಳೂರು ಎಫ್‌ಸಿ ಕಟ್ಟಿತು, ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. ಚೆನ್ನಾಗಿ ನಡೆಸಿದ ಕ್ಲಬ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕ್ಲಬ್ ಇಪ್ಪತ್ತೈದು ಮೂವತ್ತು ಆಟಗಾರರಿಗೆ ಕಾಂಟ್ರ್ಯಾಕ್ಟ್ ಕೊಡುತ್ತೆ. ಹತ್ತು ಕಾರ್ಖಾನೆ ತಂಡಗಳು ಕೊಡುತ್ತಿದ್ದದ್ದು ನೂರಾರು ಖಾಯಂ ನೌಕರಿ.

ಐಟಿಐ ಹೆಸರು ಮತ್ತೆ ಸುದ್ದಿಗೆ ಬಂದದ್ದು 2021ರ ಡಿಸೆಂಬರ್‌ನಲ್ಲಿ, ಫುಟ್‌ಬಾಲ್‌ಗಲ್ಲ. ಹಲವು ವರ್ಷ ದುಡಿದಿದ್ದ 80 ಗುತ್ತಿಗೆ ಕಾರ್ಮಿಕರನ್ನು ಗೇಟಿನಲ್ಲೇ ತಡೆದರು. ಅವರು ದೂರವಾಣಿನಗರದ ಗೇಟಿನ ಮುಂದೆ ತಿಂಗಳುಗಟ್ಟಲೆ ಧರಣಿ ಕೂತರು. ಅದೇ ಕಾಂಪೌಂಡಿನೊಳಗೆ ಒಂದು ಕಾಲದಲ್ಲಿ ಚೆಂಡು ಒದೆಯಲು ಬಂದವನಿಗೂ ಖಾಯಂ ಆಗುತ್ತಿತ್ತು.

ರಹೀಮ್ ಇವತ್ತು ಕರ್ನಾಟಕದಲ್ಲಿ ಹುಟ್ಟಿದ್ದರೆ? ಬಹುಶಃ ಯಾವುದೋ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿರುತ್ತಿದ್ದರು. ಆ ಹತ್ತು ಸಾವಿರಕ್ಕೂ ಹೆಚ್ಚು ಜನರು 2023ರ ಕೊನೆಯಲ್ಲಿ ತರಗತಿ ಬಿಟ್ಟು ಬೀದಿಗೆ ಬಂದು ಖಾಯಂ ಮಾಡಿ ಅಂತ ಕೇಳಿದ್ದು ನಿಮಗೆ ನೆನಪಿರಬಹುದು. ಮುಂದಿನ ವರ್ಷ ಈ ಕಾಲೇಜಿನಲ್ಲಿ ಇರ್ತೀನೋ ಇಲ್ವೋ ಗೊತ್ತಿಲ್ಲದ ಮನುಷ್ಯ ಎಡಗಾಲಿನ ಟೂರ್ನಿ ಶುರು ಮಾಡಲ್ಲ. ಇಲ್ಲವೇ ವೈಟ್‌ಫೀಲ್ಡಿನ ಯಾವುದಾದರೂ ಬಾಡಿಗೆ ಟರ್ಫ್‌ನಲ್ಲಿ ಗಂಟೆ ಲೆಕ್ಕದಲ್ಲಿ, ಫೀಸು ಕೊಡಬಲ್ಲ ಮನೆಗಳ ಮಕ್ಕಳಿಗೆ ಕಲಿಸುತ್ತಿದ್ದರು. ಆ ಮಕ್ಕಳು ಆಡಬಾರದು ಅಂತಲ್ಲ. ಓಡಾಟಕ್ಕೆ ಕಾಸಿಲ್ಲದ ಬಲರಾಂ ಆ ಟರ್ಫ್‌ನ ಬಲೆಯ ಆಚೆ ನಿಂತಿರುತ್ತಿದ್ದ, ಅಷ್ಟೇ.

ರಹೀಮ್ ಅವರಿಗೆ ದೇಶ ಕೊಟ್ಟ ಗೌರವದ ಪಟ್ಟಿ ಚಿಕ್ಕದು. ಕೋಚ್‌ಗಳಿಗೆಂದೇ ಇರುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದು 1985ರಲ್ಲಿ, ಅವರು ಸತ್ತು ಇಪ್ಪತ್ತೆರಡು ವರ್ಷವಾದ ಮೇಲೆ. ಫುಟ್‌ಬಾಲ್‌ಗೆ ಅದು ಮೊದಲು ಬಂದದ್ದು 1990ರಲ್ಲಿ, ಹೈದರಾಬಾದಿನವರೇ ಆದ ಸೈಯದ್ ನಯೀಮುದ್ದೀನ್ ಮೂಲಕ. ರೋಮ್‌ನಲ್ಲಿ ಅಪ್ಪ ಆಡಿಸದ ಮಗ ಹಕೀಮ್ ವಾಯುಪಡೆ ಸೇರಿದರು, ಅಂತರರಾಷ್ಟ್ರೀಯ ರೆಫರಿಯಾದರು, ಕೋಚ್ ಆದರು, 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. 2021ರ ಆಗಸ್ಟ್ 22ರಂದು ಅವರು ತೀರಿಕೊಂಡದ್ದು ನಮ್ಮ ಕಲಬುರಗಿಯ ಆಸ್ಪತ್ರೆಯಲ್ಲಿ. ಅಪ್ಪನ ಕುರಿತ ಸಿನಿಮಾ ಥಿಯೇಟರಿಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ. ಅದಾಗಿ ಎರಡು ತಿಂಗಳಿಗೆ ಒಕ್ಕೂಟ ಸ್ಟಿಮಾಕ್ ಅವರಿಗೆ ಪತ್ರ ಕಳಿಸಿತು.